ಮಗಳಿಗೆ ಕೊಟ್ಟ ಹಂಪ್

ನಮ್ಮ ಕಡೆ ರಸ್ತೆಗೆ ಹಂಪ್ ಬೀಳುವುದಕ್ಕೆ ಒಂದು ಕ್ರಮವಿದೆ. ಮೊದಲು ಯಾರಾದರೂ ಸಾಯಬೇಕು. ಹೆಣ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜನ ರಸ್ತೆಗೆ ಕಲ್ಲು, ಟಯರು, ಮುರಿದ ಬೆಂಚು ಎಳೆದು ಹಾಕಿ ಕೂರಬೇಕು. ಎರಡೂ ಕಡೆ ಬಸ್ಸುಗಳು ಸಾಲುಗಟ್ಟಿ ನಿಂತ ಮೇಲೆ ಪೊಲೀಸರು ಬರುತ್ತಾರೆ. ಪೊಲೀಸರು ಫೋನು ಮಾಡಿದ ಮೇಲೆ ಎಂಜಿನಿಯರ್ ಬರುತ್ತಾರೆ. ಎಂಜಿನಿಯರ್ ಬಂದ ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ತುಂಬ ಜಲ್ಲಿ, ಡಾಂಬರು ಬರುತ್ತದೆ. ಸಂಜೆಯೊಳಗೆ ಹಂಪ್ ಸಿದ್ಧ, ಜನ ಎದ್ದು ಮನೆಗೆ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಆದರೆ ಶಿವಮೊಗ್ಗದಿಂದ ಭದ್ರಾವತಿಯವರೆಗೆ, ಆ ಕಡೆ ಕುಂಸಿಯವರೆಗೆ, ಇದು ಎಲ್ಲರೂ ಬಲ್ಲ ಕಾನೂನು.

ಅಂಥ ಒಂದು ಹಂಪಿನ ಹಿಂದೆ ನನ್ನ ಒಂದು ವರ್ಷ ಹೋಯಿತು. ಭದ್ರಾವತಿಯಲ್ಲಿ ಕಾರ್ಖಾನೆಯ ಹಳೇ ಕ್ವಾರ್ಟರ್ಸುಗಳ ಪಕ್ಕ ಹಾದುಹೋಗುವ ರಸ್ತೆ. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಶಾಲೆ, ನಡುವೆ ಜಲ್ಲಿ ಹೊತ್ತ ಟಿಪ್ಪರುಗಳ ಓಡಾಟ. ನಾನು ಅಲ್ಲಿಗೆ ಹೋಗುವುದಕ್ಕೆ ಎರಡು ವರ್ಷ ಮೊದಲು, ಶಾಲೆ ಬಿಟ್ಟು ರಸ್ತೆ ದಾಟುತ್ತಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಮೇಲೆ ಟಿಪ್ಪರ್ ಹರಿದಿತ್ತು. ಅವಳ ಅಪ್ಪ ಆಟೋ ಓಡಿಸುವವರು. ಮಗಳು ಶವಾಗಾರದಲ್ಲಿದ್ದಾಗ ಅವರು ರಸ್ತೆಯ ನಡುವೆ ಕೂತಿದ್ದರು. ಸಂಜೆಗೆ ಹಂಪ್ ಬಿತ್ತು, ಅವರು ಎದ್ದರು. ಮನೆಯಲ್ಲಿ ಆ ಹುಡುಗಿಯನ್ನು ಪಾಪು ಅನ್ನುತ್ತಿದ್ದರಂತೆ. ಸಿಟಿ ಬಸ್ಸಿನ ಕಂಡಕ್ಟರುಗಳಿಗೆ ಆ ಸ್ಟಾಪು ಆಮೇಲಿನಿಂದ ‘ಪಾಪು ಹಂಪ್’ ಆಯಿತು.

ನಾನು ಸೇರಿದ್ದ ಸಂಸ್ಥೆಯ ಕಚೇರಿ ಶಿವಮೊಗ್ಗದ ವಿದ್ಯಾನಗರದಲ್ಲಿ. ಕಂಪನಿಯೊಂದರ ದೇಣಿಗೆಯಿಂದ ‘ಸಮುದಾಯ ರಸ್ತೆ ಸುರಕ್ಷತೆ’ ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ನನಗೆ ಆ ಕೆಲಸ ಸಿಕ್ಕಿದ್ದು ರಸ್ತೆಯ ಬಗ್ಗೆ ನನಗೇನೋ ಗೊತ್ತು ಅಂತಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದಿದ್ದ ಕಪ್ಪುಗಳ ಫೋಟೋ ನೋಡಿ ನಿರ್ದೇಶಕರು ಖುಷಿಯಾಗಿಬಿಟ್ಟರು. “ಜನಾನ ಒಪ್ಪಿಸೋಕೆ ಬರ್ಬೇಕಮ್ಮ, ಅಷ್ಟೇ ಕೆಲಸ” ಅಂದರು. ನನಗಿಂತ ಮೊದಲು ಜನರನ್ನು ಒಪ್ಪಿಸಿದ್ದು ಹೇಗೆ ಅಂದರೆ: ಹೆಲ್ಮೆಟ್ ಹಾಕಿಕೊಂಡೇ ಬಂದವರಿಗೆ ಹೆಲ್ಮೆಟ್ ಹಂಚಿ, ಶಾಲೆಯ ಮಕ್ಕಳ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಹೇಳಿಸಿ, ಜಾಥಾ ನಡೆಸಿ. ಜಾಥಾಕ್ಕೆ ಮಕ್ಕಳು ಅದೇ ಫುಟ್‌ಪಾತಿಲ್ಲದ ರಸ್ತೆಯ ಅಂಚಿನಲ್ಲಿ ಸಾಲಾಗಿ ನಡೆಯುತ್ತಿದ್ದರು, ಮೈಗೆ ತಾಗುವ ಹಾಗೆ ಟಿಪ್ಪರುಗಳು ಹೋಗುತ್ತಿದ್ದವು. “ಇದರಿಂದ ಯಾವ ಗಾಡಿ ನಿಧಾನ ಆಯ್ತು ಸರ್?” ಎಂದು ಮೊದಲ ವಾರವೇ ಕೇಳಿದೆ. “ನಿನಗೆ ಎಲ್ಲಾದಕ್ಕೂ ವಾದ ಮಾರಾಯ್ತಿ. ಸರಿ, ನಿಧಾನ ಮಾಡಿಸು ನೋಡೋಣ” ಅಂದರು.

ಸವಾಲು ಅಂತಲೇ ತಗೊಂಡೆ.

ದಿನವೂ ಬೆಳಿಗ್ಗೆ ಬಸ್ಸು ಹತ್ತಿ ಮಲವಗೊಪ್ಪ ದಾಟಿ ಭದ್ರಾವತಿಗೆ ಹೋಗಿ ಆ ಹಂಪಿನ ಎದುರು ಕೂತೆ. ಕೂರಲು ಜಾಗ ಕೊಟ್ಟದ್ದು ಅಲ್ಲಿನ ಬೈಕ್ ಗ್ಯಾರೇಜಿನ ಯಜಮಾನರು. ಎಲ್ಲರೂ ಅವರನ್ನು ಭಾಯ್ ಅನ್ನುತ್ತಿದ್ದರು, ನಾನೂ ಅದನ್ನೇ ಅಂದೆ. ಯಾವುದೋ ಸ್ಕೂಟರಿನಿಂದ ಬಿಚ್ಚಿದ ಸೀಟು ನನ್ನ ಕುರ್ಚಿ. ಆಸುಪಾಸಿನವರನ್ನು ಸೇರಿಸಿ ಒಂದು ಸಮಿತಿಯನ್ನೂ ಮಾಡಿದೆ. ಪೊಲೀಸರ ಸ್ಪೀಡ್ ಗನ್ ಕೇಳಿದೆ, ಕೊಡಲಿಲ್ಲ. ಎರಡು ಕರೆಂಟು ಕಂಬಗಳ ನಡುವಿನ ದೂರ ಅಳೆದು, ರಸ್ತೆಗೆ ಸೀಮೆಸುಣ್ಣದ ಎರಡು ಗೆರೆ ಎಳೆದು, ಗಾಡಿ ಒಂದರಿಂದ ಇನ್ನೊಂದಕ್ಕೆ ಬರುವ ಹೊತ್ತನ್ನು ಮೊಬೈಲಿನಲ್ಲಿ ಹಿಡಿದು ವೇಗ ಲೆಕ್ಕ ಹಾಕಿದೆ. ಹಂಪಿನ ಮೇಲೆ ದಾರ ಬಿಗಿದು, ರಸಮಟ್ಟ ಇಟ್ಟು, ಟೇಪು ಹಿಡಿದು ಎತ್ತರ ಅಳೆದೆ. ಹಂಪಿಗೆ ಒಂದು ಮಾನದಂಡ ಇದೆ. ಎತ್ತರ ಹತ್ತು ಸೆಂಟಿಮೀಟರ್, ಗಾಡಿ ಹೋಗುವ ದಿಕ್ಕಿಗೆ ಉದ್ದ ಮೂರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಗಾಡಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಇದು ಎತ್ತರದಲ್ಲಿ ಅದರ ಎರಡರಷ್ಟು, ಉದ್ದದಲ್ಲಿ ಕಾಲುಭಾಗ. ಹಂಪ್ ಅನ್ನುವುದಕ್ಕಿಂತ ಕಟ್ಟೆ ಅನ್ನಬಹುದಿತ್ತು.

“ಇದು ಬಂದ್ಮೇಲೆ ನಮ್ ಗ್ಯಾರೇಜಿಗೆ ಬರ್ಕತ್ ಬಂತು ಮೇಡಂ” ಎಂದು ಭಾಯ್ ನಕ್ಕರು. “ಫೋರ್ಕ್ ಬೆಂಡು, ಶಾಕ್ ಲೀಕು, ಕಾರಿಂದ್ ಸೈಲೆನ್ಸರ್ ಕಟ್ಟು. ನೀವು ಇದನ್ನ ಸರಿ ಮಾಡಿದ್ರೆ ನನ್ ಹೊಟ್ಟೆ ಮೇಲೆ ಹೊಡ್ದಂಗೆ.”

“ಹಾಗಾದ್ರೆ ನಮ್ಮ ಸಮಿತೀಲಿ ಯಾಕೆ ಮೆಂಬರ್ ಆಗಿದೀರಿ ಭಾಯ್?”

“ಮೀಟಿಂಗಿನಾಗೆ ಚಾ ಚೆನ್ನಾಗಿರ್ತದೆ.”

ಆದರೆ ನನ್ನನ್ನು ಬೆಚ್ಚಿಸಿದ್ದು ಎತ್ತರವಲ್ಲ. ಮಳೆನೀರು ಚರಂಡಿಗೆ ಹೋಗಲೆಂದು ಹಂಪಿನ ಎರಡೂ ತುದಿಯಲ್ಲಿ ಒಂದು ಮೊಳದಷ್ಟು ಜಾಗ ಬಿಟ್ಟಿದ್ದರು. ಬೈಕಿನವರಿಗೆ ಅದೇ ಹೆದ್ದಾರಿ. ದೂರದಿಂದಲೇ ಆ ಸಂದಿಗೆ ಗುರಿಯಿಟ್ಟು ಬಂದು, ಬ್ರೇಕು ಮುಟ್ಟದೆ ನುಸುಳಿ ಹೋಗುತ್ತಿದ್ದರು. ಫುಟ್‌ಪಾತಿಲ್ಲದ ಆ ರಸ್ತೆಯಲ್ಲಿ, ಒಂದು ಪಕ್ಕ ತೆರೆದ ಚರಂಡಿ ಇಟ್ಟುಕೊಂಡು, ಶಾಲೆಯ ಮಕ್ಕಳು ನಡೆಯುತ್ತಿದ್ದುದೂ ಅದೇ ಸಂದಿಯಲ್ಲಿ. ಟಿಪ್ಪರಿನಿಂದ ಮಕ್ಕಳನ್ನು ಕಾಯಲು ಹಾಕಿದ ಹಂಪು, ಬೈಕುಗಳನ್ನು ಮಕ್ಕಳ ಮೇಲೆ ತಿರುಗಿಸುತ್ತಿತ್ತು.

ಆಟೋ ಅಣ್ಣ, ಅಂದರೆ ಆ ಹುಡುಗಿಯ ಅಪ್ಪ, ನಮ್ಮ ಸಮಿತಿಯ ಅಧ್ಯಕ್ಷರು. ಇಲಾಖೆಯವರು ಒಮ್ಮೆಯೂ ಬಣ್ಣ ಹೊಡೆಯದ ಆ ಹಂಪಿಗೆ ಅವರೇ ಆಗಾಗ ಸುಣ್ಣ ಬಳಿಯುತ್ತಿದ್ದರು. ಅವರ ಚಿಕ್ಕ ಮಗಳು ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಒಂದು ಮಧ್ಯಾಹ್ನ ಅವರು ಬಕೆಟ್ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾಗ ವಿಷಯ ತೆಗೆದೆ.

“ಅಣ್ಣ, ಈ ಹಂಪ್ ಸರಿಯಿಲ್ಲ.”

“ಗೊತ್ತು ಮೇಡಂ. ನನ್ ಆಟೋನೂ ಅಡಿ ತಾಗುತ್ತೆ. ಆದ್ರೆ ಟಿಪ್ಪರ್ ನಿಲ್ಲುತ್ತಲ್ಲ.”

“ಟಿಪ್ಪರೂ ನಿಲ್ಲುತ್ತೆ, ಬೈಕೂ ನಿಲ್ಲುತ್ತೆ, ಅಂಥ ಹಂಪ್ ಇದೆ. ರಸ್ತೆಯ ಪೂರ್ತಿ ಅಗಲಕ್ಕೆ ಹಾಕೋದು. ನೀರು ಹೋಗೋಕೆ ಅಡೀಲಿ ಪೈಪು. ಮುಂಚೆ ಒಂದು ಬೋರ್ಡು, ಮೇಲೊಂದು ಲೈಟು.”

“ತಂದು ಪಕ್ಕದಲ್ಲೇ ಹಾಕ್ಸಿ. ಅದು ಗಟ್ಟಿಯಾಗಿ ನಿಂತ್ಮೇಲೆ ಇದನ್ನ ತೆಗೀರಿ. ನನ್ದೇನು ತಕರಾರಿಲ್ಲ.” ಬ್ರಷ್ಷಿನಿಂದ ತಲೆ ಎತ್ತಲಿಲ್ಲ. “ಅಲ್ಲೀವರ್ಗೂ ಇದನ್ನ ಯಾರೂ ಮುಟ್ಟಂಗಿಲ್ಲ.”

ನ್ಯಾಯವಾದ ಷರತ್ತು. ಅದನ್ನು ಹಿಡಿದುಕೊಂಡು, ನಕ್ಷೆ, ಅಳತೆ, ಫೋಟೋ ಎಲ್ಲ ಜೋಡಿಸಿ ಎಂಜಿನಿಯರ್ ಕಚೇರಿಗೆ ಹೋದೆ. ಎಂಜಿನಿಯರ್ ಒಳ್ಳೆಯ ಮನುಷ್ಯರೇ. ನನ್ನ ನಕ್ಷೆ ನೋಡಿ, “ನಮ್ ಜೂನಿಯರ್‌ಗಳು ಇಷ್ಟು ನೀಟಾಗಿ ಮಾಡಲ್ಲ” ಎಂದು ಹೊಗಳಿದರು. ಆಮೇಲೆ ಹೇಳಿದ್ದು ಇದು: ಆ ಹಂಪ್ ಕಾಗದದಲ್ಲಿ ಇಲ್ಲ. ಜನರ ಗಲಾಟೆಗೆ ಹಾಕಿದ್ದು, ಅನಧಿಕೃತ. ಇಲ್ಲದ್ದನ್ನು ರಿಪೇರಿ ಮಾಡಲು ಬರುವುದಿಲ್ಲ. ಒಂದರ ಪಕ್ಕ ಇನ್ನೊಂದು ಹಾಕಲು ನಿಯಮ ಇಲ್ಲ. ಹಳೆಯದನ್ನು ತೆಗೆದು, ‘ಇಲ್ಲಿ ಹಂಪ್ ಇಲ್ಲ’ ಎಂದು ತೋರಿಸಿ, ಹೊಸದಕ್ಕೆ ಅಂದಾಜುಪಟ್ಟಿ ಮಾಡಿ ಜಿಲ್ಲಾ ಸಮಿತಿಗೆ ಕಳಿಸಬೇಕು.

“ತೆಗೆಯೋದಕ್ಕೆ ಯಾರ ಒಪ್ಪಿಗೆ ಬೇಕು ಸರ್?”

“ಅನಧಿಕೃತ ಅಲ್ವಾ? ನಾನೊಂದು ಫೋನ್ ಮಾಡಿದ್ರೆ ಸಾಕು. ಜನ ಗಲಾಟೆ ಮಾಡ್ದಂಗೆ ನೀವು ನೋಡ್ಕೋಬೇಕು ಅಷ್ಟೇ.”

“ಹೊಸದು ಬರೋವರೆಗೆ?”

“ಜಾಸ್ತಿ ದಿನ ಏನಿಲ್ಲ ಮೇಡಂ. ಮಧ್ಯದಲ್ಲಿ ಬ್ಯಾರಿಕೇಡ್ ಇಡಿಸ್ತೀನಿ. ನನ್ ಮೇಲೆ ನಂಬಿಕೆ ಇಲ್ವಾ?”

ನಂಬಿಕೆ ಇಲ್ಲ ಅನ್ನುವುದೇ ನನ್ನ ಸ್ವಭಾವ. ಇಲ್ಲ ಅಂತಲೇ ಹೇಳಿ, ಬರೆದುಕೊಡಿ ಅಂದೆ. ಬರೆದುಕೊಟ್ಟರು, ಸೀಲು ಹೊಡೆದು, ಸಹಿ ಹಾಕಿ. ಹೊಸ ಹಂಪಿನ ಪ್ರಸ್ತಾವನೆ ಕಳಿಸಲಾಗುವುದು ಎಂದು. ಕಳಿಸಿದರೂ ಕೂಡ. ಆ ಮಾತನ್ನು ಅವರು ಉಳಿಸಿಕೊಂಡರು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ವಿದ್ಯಾನಗರದ ಕಚೇರಿಯಲ್ಲಿ ನಿರ್ದೇಶಕರಿಗೆ ಅವಸರ. ದೇಣಿಗೆ ಕೊಟ್ಟ ಕಂಪನಿಯವರು ‘ಬದಲಾವಣೆ’ ನೋಡಲು ಬರುವವರಿದ್ದರು. “ಒಂದು ಮೀಟಿಂಗ್ ಕರಿ. ಆ ಆಟೋದವರನ್ನ ಒಪ್ಪಿಸು. ನಿನ್ನಂಥವಳಿಗೆ ಅದೇನು ಕಷ್ಟ?”

ಕಷ್ಟವಾಗಲಿಲ್ಲ.

ಕ್ವಾರ್ಟರ್ಸಿನ ಸಮುದಾಯ ಭವನದಲ್ಲಿ ಸಭೆ. ಪ್ಲಾಸ್ಟಿಕ್ ಕುರ್ಚಿ ತುಂಬಾ ಜನ. ಮಕ್ಕಳ ತಾಯಂದಿರೇ ಹೆಚ್ಚು. ನಿರ್ದೇಶಕರು, ಭಾಯ್, ಆಟೋ ಸ್ಟ್ಯಾಂಡಿನವರು. ನಾನು ಅಳತೆಗಳನ್ನು ವಿವರಿಸಿದೆ, ಕೇಳಿದರು. ಹಳೆಯದು ಹೋಗದೆ ಹೊಸದು ಬರುವುದಿಲ್ಲ ಅಂದೆ, ಗುಸುಗುಸು ಶುರುವಾಯಿತು. ಆಟೋ ಅಣ್ಣ ಎದ್ದು ನಿಂತರು.

“ನಾನು ಜಾಸ್ತಿ ಓದ್ದೋನಲ್ಲ. ಮೇಡಂ ಹೇಳೋದು ಸರಿ ಇರ್ಬೋದು. ಆದ್ರೆ ಅದು ನನ್ ಮಗಳಿಗೆ ಕೊಟ್ಟಿದ್ದು. ಹೊಸದು ಬರೋವರ್ಗೂ ಬೇಡ.”

ಇಡೀ ಸಭೆ ಅವರ ಕಡೆ ವಾಲಿದ್ದು ನನಗೆ ಕುರ್ಚಿಗಳ ಸದ್ದಿನಲ್ಲೇ ಗೊತ್ತಾಯಿತು.

“ಅದು ನಿಮ್ಮ ಮಗಳಿಗೆ ಕೊಟ್ಟಿದ್ದಲ್ಲ ಅಣ್ಣ” ಅಂದೆ. “ರಸ್ತೆ ಬಿಡಿಸೋಕೆ ಕೊಟ್ಟಿದ್ದು. ಅವತ್ತು ಅವರಿಗೆ ಬಸ್ಸು ಹೋಗ್ಬೇಕಿತ್ತು, ಅಷ್ಟೇ. ಮಕ್ಕಳು ಉಳೀಬೇಕು ಅಂತಿದ್ರೆ ಅಳತೆ ಮಾಡಿ ಹಾಕ್ತಿದ್ರು.”

ಯಾರೋ ಹೆಂಗಸು “ಅಯ್ಯೋ, ಹಂಗನ್ಬೇಡಮ್ಮ” ಅಂದಳು. ನಾನು ನಿಲ್ಲಿಸಲಿಲ್ಲ. ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಇತ್ತು. ಹಂಪಿನ ಪಕ್ಕದ ಸಂದಿಯಲ್ಲಿ ನಡೆದು ಬರುವ ಪುಟ್ಟ ಹುಡುಗಿ, ಹಿಂದಿನಿಂದ ಬೈಕು, ಹ್ಯಾಂಡಲ್ ಅವಳ ಬ್ಯಾಗಿಗೆ ಸಿಕ್ಕಿ ಎಳೆದು, ಅವಳು ಒಂದು ಸುತ್ತು ತಿರುಗಿ ಚರಂಡಿಯ ಅಂಚಿಗೆ ಮಂಡಿಯೂರಿ ಬಿದ್ದು, ಎದ್ದು, ಲಂಗ ಕೊಡವಿಕೊಂಡು ಹೋಗುವುದು. ಅದು ಅವರ ಚಿಕ್ಕ ಮಗಳು. ಆ ವಿಡಿಯೋ ನನ್ನ ಬಳಿ ಹಲವು ದಿನಗಳಿಂದ ಇತ್ತು. ಎಲ್ಲಕ್ಕಿಂತ ಬಲವಾದದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂದು ಚರ್ಚೆಯಲ್ಲಿ ಕಲಿಸುತ್ತಾರೆ. ನಾನು ಇಟ್ಟುಕೊಂಡಿದ್ದೆ.

ಮೊಬೈಲನ್ನು ಅವರ ಕೈಗೆ ಕೊಟ್ಟೆ. ಒಮ್ಮೆ ನೋಡಿದರು. ಮತ್ತೆ ಹಚ್ಚಿಕೊಡಿ ಎಂಬಂತೆ ನನ್ನತ್ತ ಚಾಚಿದರು. ಎರಡನೇ ಸಲ ನೋಡಿದ ಮೇಲೆ, “ಮನೇಲಿ ಹೇಳ್ಲೇ ಇಲ್ಲ ಇವ್ಳು” ಅಂದರು. ಮೊಬೈಲನ್ನು ವಾಪಸ್ ಕೊಟ್ಟರು. “ತೆಗೀರಿ ಹಂಗಾದ್ರೆ.”

ನಿರ್ದೇಶಕರು ಚಪ್ಪಾಳೆ ಶುರು ಮಾಡಿದರು. ಯಾರೂ ಜೊತೆಗೂಡದ್ದರಿಂದ ಅದು ಅಲ್ಲೇ ನಿಂತಿತು. ಹೊರಗೆ ಹೋಗುವಾಗ ಆಟೋ ಅಣ್ಣ ನನ್ನ ಹತ್ತಿರ ಬಂದು ಹೇಳಿದರು: “ನೀವು ಹೇಳಿದ್ರಿ ಅಂತ ಒಪ್ಕೊಂಡಿದೀನಿ ಮೇಡಂ. ಇಂಜಿನಿಯರ್ ಹೇಳಿದ್ರು ಅಂತಲ್ಲ.”

ಎಂಜಿನಿಯರ್ ಕಚೇರಿಯಿಂದ ಫೋನು ಹೋಯಿತು. ಅಲ್ಲೇ ಆಚೆ ಬೀದಿಯಲ್ಲಿ ಚರಂಡಿ ಅಗೆಯುತ್ತಿದ್ದ ಜೆಸಿಬಿ ಬಿಡುವಾಗಿತ್ತಂತೆ, ಮಾರನೇ ಬೆಳಿಗ್ಗೆಯೇ ಬಂತು. ಎರಡು ವರ್ಷ ಟಿಪ್ಪರುಗಳನ್ನು ತಡೆದಿದ್ದ ಕಟ್ಟೆಯನ್ನು ಕೀಳಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕಾಯಿತು. ಸುಣ್ಣ ಮೆತ್ತಿದ ಡಾಂಬರಿನ ಹೆಂಟೆಗಳನ್ನು ಟ್ರ್ಯಾಕ್ಟರಿಗೆ ತುಂಬಿ, ಗಾಯಕ್ಕೆ ಹೊಸ ಡಾಂಬರು ಸುರಿದು ರೋಲರ್ ಹೊಡೆದರು. ಇಡೀ ರಸ್ತೆಯಲ್ಲಿ ಅಷ್ಟು ನುಣುಪಾದ ಜಾಗ ಇನ್ನೊಂದಿರಲಿಲ್ಲ. ಎಂಜಿನಿಯರ್ ಎರಡು ಬ್ಯಾರಿಕೇಡ್ ಇಡಿಸಿದರು. ಕೆಲವು ದಿನಕ್ಕೆ ಅವು ಪೇಟೆಯಲ್ಲಿ ಯಾವುದೋ ಸಮಾರಂಭದ ಬಂದೋಬಸ್ತಿಗೆ ಹೋದವು; ತಿರುಗಿ ಬರಲಿಲ್ಲ.

ನಮ್ಮ ಸಂಸ್ಥೆ ಸುಮ್ಮನೆ ಕೂರಲಿಲ್ಲ. ‘ಸಮುದಾಯ ಸಹಭಾಗಿತ್ವದಲ್ಲಿ ಅವೈಜ್ಞಾನಿಕ ಹಂಪ್ ತೆರವು’ ಎಂದು ಒಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿತು. ಕಟ್ಟಿದ್ದು ತಿರುವಿನಲ್ಲಿ, ಪೇಟೆ ಕಡೆಯಿಂದ ಬರುವ ಡ್ರೈವರಿಗೆ ಶಾಲೆಯ ಗೇಟು ಕಾಣುತ್ತಿದ್ದ ಒಂದೇ ಒಂದು ಕಡೆ. ಈಗ ಅವನಿಗೆ ಮಕ್ಕಳ ಬದಲು ನಿರ್ದೇಶಕರ ಮುಖ ಕಾಣುತ್ತಿತ್ತು. ನಾನು ಜಗಳ ಮಾಡಿ ಅದನ್ನು ಇಳಿಸುವಷ್ಟರಲ್ಲಿ ಕಂಪನಿಯವರು ಬಂದು ಫೋಟೋ ತೆಗೆಸಿಕೊಂಡು ಹೋಗಿಯಾಗಿತ್ತು. ಇಳಿಸಿದ ಫ್ಲೆಕ್ಸನ್ನು ಭಾಯ್ ಗ್ಯಾರೇಜಿನ ಮಾಡಿಗೆ ಹೊದಿಸಿದರು. “ನಿಮ್ ಸಂಸ್ಥೆಯಿಂದ ಒಂದ್ ಉಪಕಾರ ಆಯ್ತು ನೋಡಿ. ಸೋರೋದು ನಿಂತೋಯ್ತು.”

ನಾನು ಮತ್ತೆ ಸೀಮೆಸುಣ್ಣದ ಗೆರೆ ಎಳೆದು ಕೂತೆ. ಬೈಕುಗಳು ಸಂದಿ ಬಿಟ್ಟು ರಸ್ತೆಯ ಮಧ್ಯಕ್ಕೆ ಬಂದಿದ್ದವು, ನಾನು ಹೇಳಿದಂತೆಯೇ. ಟಿಪ್ಪರುಗಳು ಒಂದು ಗೆರೆಯಿಂದ ಇನ್ನೊಂದಕ್ಕೆ ಬರುವುದರೊಳಗೆ ಮೊಬೈಲಿನ ಗುಂಡಿ ಒತ್ತುವುದೇ ಕಷ್ಟವಾಗುತ್ತಿತ್ತು. ಶಾಲೆ ಬಿಡುವ ಹೊತ್ತಿಗೆ ಆಟೋ ಅಣ್ಣ ಬಾಡಿಗೆ ಬಿಟ್ಟು ಬಂದು ಚಿಕ್ಕವಳ ಕೈ ಹಿಡಿದು ದಾಟಿಸುತ್ತಿದ್ದರು. ಬೇರೆ ಮಕ್ಕಳೂ ಅವರ ಅಂಗಿ ಹಿಡಿದುಕೊಳ್ಳುತ್ತಿದ್ದರು. ನನ್ನನ್ನು ನೋಡಿದಾಗ ಅವರು ಕೇಳುತ್ತಿದ್ದುದು ಒಂದೇ ಮಾತು, “ಏನಂತೆ ಮೇಡಂ?”

ಏನಂತೆ ಎಂದರೆ, ಎಂಜಿನಿಯರಿಗೆ ವರ್ಗವಾಗಿತ್ತು. ಹೊಸಬರು ಬಂದ ಮೇಲೆ ಪ್ರಸ್ತಾವನೆಯನ್ನು ಮತ್ತೆ ಓದಿದರು. ನಾನು ಅವರ ಮುಂದೆ ಕೂತು ಓದಿಸಿದೆ.

“ಹಂಪ್ ಕೊಡ್ಬೇಕಾದ್ರೆ ಆ ಜಾಗದಲ್ಲಿ ಅಪಘಾತ ಆಗ್ತಿರಬೇಕು ಮೇಡಂ. ಇಲ್ಲಿ ಎರಡು ವರ್ಷದಿಂದ ಒಂದೂ ಸಾವಿಲ್ಲ.”

“ಎರಡು ವರ್ಷ ಹಂಪ್ ಇತ್ತು ಸರ್. ಅದಕ್ಕೆ ಸಾವಿಲ್ಲ.”

“ಹಂಪ್ ಇತ್ತು ಅನ್ನೋದಕ್ಕೆ ನಮ್ಮಲ್ಲಿ ದಾಖಲೆ ಏನಿದೆ?”

“ನಿಮ್ಮದೇ ಜೆಸಿಬಿ ಬಂದು ಕಿತ್ತಿದೆ.”

“ಅನಧಿಕೃತ ಅಂತ ಕಿತ್ತಿದ್ದು.” ಅವರು ನನಗೆ ನೀರಿನ ಬಾಟಲಿ ಸರಿಸಿದರು. “ನೀವೇ ಬರೆದಿದೀರಿ ನೋಡಿ, ‘ಸದ್ಯ ಟಿಪ್ಪರಿನಿಂದ ಅಪಘಾತ ಸಂಭವಿಸುತ್ತಿಲ್ಲ, ಬೈಕಿನಿಂದ ಸಣ್ಣಪುಟ್ಟ ಗಾಯ’ ಅಂತ. ಇದನ್ನಿಟ್ಕೊಂಡು ಮೇಲಿನವ್ರ ಹತ್ರ ನಾನು ಏನ್ ವಾದ ಮಾಡ್ಲಿ?”

ಹಳೆಯ ಹಂಪಿನ ವಿರುದ್ಧ ನಾನು ಬರೆದ ಒಂದೊಂದು ವಾಕ್ಯವೂ ಈಗ ಹೊಸ ಹಂಪಿನ ವಿರುದ್ಧ ಸಾಕ್ಷಿ. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಎದುರು ಪಕ್ಷದಲ್ಲಿ ಕೂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೇಲ್ಮನವಿ ಕೊಟ್ಟೆ. ಜಿಲ್ಲಾ ಸಮಿತಿಯ ಸಭೆ ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಆಮೇಲೆ ಯಾವುದೋ ಚುನಾವಣೆಯ ನೀತಿ ಸಂಹಿತೆ ಅಂದರು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಆಟೋ ಅಣ್ಣ ದಾಟಿಸುತ್ತಿದ್ದಾಗ ಟಿಪ್ಪರೊಂದು ಬ್ರೇಕು ಹಿಡಿದು ಜಾರಿ, ಮಕ್ಕಳ ಹಿಂಡಿನ ಮುಂದೆ ಅಡ್ಡಡ್ಡ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ರಬ್ಬರ್ ಸುಟ್ಟ ವಾಸನೆಯಲ್ಲಿ ಮಕ್ಕಳು ಅಳುತ್ತಿದ್ದರು. ಗ್ಯಾರೇಜಿನಿಂದ ಓಡಿ ಬಂದ ನನಗೆ ಆಟೋ ಅಣ್ಣ ಹೇಳಿದರು: “ನಾಳೆ ಕೂರ್ತೀನಿ ಮೇಡಂ. ರಸ್ತೆ ಮೇಲೆ. ನೀವು ಬರ್ದೇ ಇದ್ರೂ ಪರ್ವಾಗಿಲ್ಲ.”

ಸಮಿತಿಯ ಮೊದಲ ಸಭೆಯಲ್ಲಿ ರಸ್ತೆ ತಡೆಯ ವಿರುದ್ಧ ಭಾಷಣ ಮಾಡಿದವಳು ನಾನೇ. ಅಳುವವರ ಎದುರು ತರಾತುರಿಯಲ್ಲಿ ಹಾಕಿದ್ದು ಯಾವತ್ತೂ ಸರಿಯಾಗಿರುವುದಿಲ್ಲ, ಅಳತೆ ಮತ್ತು ಕಾಗದದಿಂದಲೇ ರಸ್ತೆ ಸರಿಹೋಗುವುದು ಎಂದಿದ್ದೆ. ಅದು ಈಗಲೂ ಸರಿ ಅಂತಲೇ ನನ್ನ ಅಭಿಪ್ರಾಯ. ಕಾಗದವನ್ನು ಓದುವವರು ಇರಬೇಕು ಎಂಬುದೊಂದನ್ನು ಆ ಭಾಷಣದಲ್ಲಿ ಸೇರಿಸಿರಲಿಲ್ಲ. ನಿರ್ದೇಶಕರಿಗೆ ಫೋನು ಮಾಡಿ, ನಾಳೆ ನಾನೂ ಕೂರುತ್ತೇನೆ ಅಂದೆ. “ಹುಚ್ಚಾ ನಿನಗೆ? ರಸ್ತೆ ಸುರಕ್ಷತೆಯವರು ರಸ್ತೆ ತಡೆ ಮಾಡ್ತಾರಾ?” ಅಂದರು. ಒಳ್ಳೆಯ ಪ್ರಶ್ನೆ. ಫೋನು ಇಟ್ಟೆ.

ಮಾರನೇ ಬೆಳಿಗ್ಗೆ ಜನ ಸೇರುತ್ತಾರೆ ಎಂದುಕೊಂಡಿದ್ದೆವು. ಕಿಟಕಿಗಳಿಂದ ಇಣುಕಿದರು. ದಾರಿಯಲ್ಲಿ ಬಂದವರು ಕೇಳಿದರು, “ಯಾರು ಹೋದ್ರು?” ಯಾರೂ ಹೋಗಿಲ್ಲ ಅಂದ ಕೂಡಲೇ, “ಓ, ಹೌದಾ” ಎಂದು ಸರಿದರು. ಕೂತದ್ದು ಆಟೋ ಅಣ್ಣ, ಅವರ ಹೆಂಡತಿ, ಕೆಲವು ತಾಯಂದಿರು, ಶಟರ್ ಎಳೆದು ಬಂದ ಭಾಯ್, ನಾನು. ನಾಲ್ಕು ಕಲ್ಲು, ಎರಡು ಟಯರು. ಬಸ್ಸು ನಿಂತಿತು, ಹಾರನ್ನು ಶುರುವಾಯಿತು. ಬೈಕಿನವನೊಬ್ಬ, “ಹೆಣಾನೂ ಇಲ್ದೆ ಕೂತ್ಕೊಂಡ್ರೆ ಏನ್ರೀ ಅರ್ಥ?” ಎಂದು ಕೂಗಿದ. ಭಾಯ್ ತಿರುಗಿ, “ನೀನೇ ಮಲ್ಕೋ ಬಾ, ಜಾಗ ಮಾಡ್ತೀವಿ” ಅಂದರು. ಯಾರೂ ನಗಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿದು ಮೊದಲು ನೋಡಿದ್ದು ನಮ್ಮ ಹಿಂದೆ, ಮುಂದೆ, ಚರಂಡಿಯ ಕಡೆ.

“ಯಾರು ಹೋಗಿದ್ದು?”

“ಯಾರೂ ಹೋಗಿಲ್ಲ ಸರ್. ಹೋಗ್ಬಾರ್ದು ಅಂತ ಕೂತಿದೀವಿ” ಅಂದೆ.

“ಆಕ್ಸಿಡೆಂಟ್ ಆಗಿಲ್ವಾ?”

“ಇನ್ನೂ ಇಲ್ಲ.”

“ಮತ್ತೆ ಯಾತಕ್ಕೆ ಕೂತಿದೀರ್ರೀ?”

ನಾನು ಎದ್ದು ನಿಂತು ಎಲ್ಲ ಹೇಳಿದೆ. ಅಳತೆ, ವೇಗ, ಪ್ರಸ್ತಾವನೆ, ವರ್ಗಾವಣೆ, ನಿನ್ನೆಯ ಟಿಪ್ಪರು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದ್ದು ಇನ್ನೊಮ್ಮೆ ನೆನಪಿಲ್ಲ.

“ಚೆನ್ನಾಗಿ ಮಾತಾಡ್ತೀರಿ ಮೇಡಂ” ಅಂದರು. ಅಣಕವಿರಲಿಲ್ಲ. “ಆದ್ರೆ ಇಂಜಿನಿಯರ್ ಸಾಹೇಬ್ರಿಗೆ ಫೋನ್ ಮಾಡಿ ನಾನು ಏನಂತ ಹೇಳ್ಲಿ? ಬಾಡಿ ಇದ್ರೆ ಹೇಳ್ಬೋದು.”

ಕೂತಲ್ಲಿಂದಲೇ ಆಟೋ ಅಣ್ಣ ಅಂದರು: “ನನ್ ಮಗಳಿದಾಳೆ ಸರ್.”

“ಎಲ್ಲಿ?”

“ಇಲ್ಲೇ ಹೋಗಿದ್ದು. ಮೂರು ವರ್ಷ ಆಗ್ತಾ ಬಂತು.”

ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ದನಿ ಇಳಿಯಿತು. “ಗೊತ್ತಪ್ಪ. ಸ್ಟೇಷನ್‌ನಲ್ಲಿ ಹೇಳಿದಾರೆ. ಆದ್ರೆ ಆ ಮಗೂಗೆ ಆಗ್ಲೇ ಹಂಪ್ ಕೊಟ್ಟಾಗಿದೆಯಲ್ಲ.”

“ಅದನ್ನ ಕಿತ್ತಾಕಿದ್ರು ಸರ್.”

“ಕೀಳೋಕೆ ಯಾರು ಒಪ್ಪಿದ್ದು?”

ಆಟೋ ಅಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

“ನಾನೇ ಸರ್” ಅಂದರು.

ಅದಾದ ಮೇಲೆ ಕಲ್ಲುಗಳನ್ನು ಪೊಲೀಸರು ಎತ್ತಬೇಕಾಗಲಿಲ್ಲ. ಆಟೋ ಅಣ್ಣನೇ ಎದ್ದು ಎತ್ತಿಟ್ಟರು. ಠಾಣೆಯಲ್ಲಿ ನಮ್ಮಿಬ್ಬರಿಂದ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ವಿದ್ಯಾನಗರದಲ್ಲಿ ನಿರ್ದೇಶಕರು ಇನ್ನೊಂದು ಕಾಗದ ಸಿದ್ಧ ಮಾಡಿಟ್ಟಿದ್ದರು. ನಾನು ವೈಯಕ್ತಿಕವಾಗಿ ಹೋಗಿದ್ದೆ, ಕಾರ್ಯಕ್ರಮಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು. “ಸಹಿ ಹಾಕಮ್ಮ, ವಾದ ಬೇಡ.” ಕಾರ್ಯಕ್ರಮಕ್ಕೂ ರಸ್ತೆ ಸುರಕ್ಷತೆಗೂ ಸಂಬಂಧವಿಲ್ಲ ಎಂದು ಬರೆದಿದ್ದರೆ ಹಾಕುತ್ತಿದ್ದೆ ಅಂದೆ. ಕೆಲಸ ಅಲ್ಲಿಗೆ ಮುಗಿಯಿತು. ಆ ವರ್ಷದ ವರದಿಯಲ್ಲಿ ನಮ್ಮ ಹಂಪ್ ‘ಯಶೋಗಾಥೆ’ ಎಂಬ ತಲೆಬರಹದಡಿ ಬಂತು. ತೆರವಿನ ಫೋಟೋ, ಜೆಸಿಬಿಯ ಪಕ್ಕ ಸಮುದಾಯ.

ಕೆಲಸ ಬಿಟ್ಟ ಮೇಲೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಅಲ್ಲಿಗೆ ಹೋದೆ. ಮಾಹಿತಿ ಹಕ್ಕಿನಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ಬಸ್ಸಿನಲ್ಲಿ ಕೂತು ಯೋಚಿಸಿಕೊಂಡಿದ್ದೆ. ಹಂಪ್ ಇದ್ದ ಜಾಗದಲ್ಲಿ, ಅರ್ಧ ರಸ್ತೆಗೆ ಅಡ್ಡವಾಗಿ, ಒಂದು ಆಟೋ ನಿಂತಿತ್ತು. ಆಟೋ ಅಣ್ಣ ಅದಕ್ಕೆ ಒರಗಿ ಶಾಲೆಯ ಗೇಟಿನ ಕಡೆ ನೋಡುತ್ತಿದ್ದರು. ದಿನಾ ಹೀಗೇ ನಿಲ್ಲಿಸುತ್ತಾರಂತೆ. ಸಂಚಾರಿ ಪೊಲೀಸರು ಬಂದು ಬೈದರೆ ತೆಗೆಯುತ್ತಾರೆ, ಅವರು ಹೋದ ಮೇಲೆ ಮತ್ತೆ ಅಡ್ಡ ಹಾಕುತ್ತಾರೆ. ಮಕ್ಕಳು ದಾಟಿ ಮುಗಿದ ಮೇಲೆ ಬಾಡಿಗೆಗೆ ಹೋಗುತ್ತಾರೆ.

“ಅಣ್ಣ, ಹೊಸದಾಗಿ ಒಂದು ಅರ್ಜಿ...”

“ಮಾತು ಬೇಡ ಮೇಡಂ.” ದನಿಯಲ್ಲಿ ಸಿಟ್ಟಿರಲಿಲ್ಲ, ಸಮಯವಿಲ್ಲ ಅನ್ನುವ ಹಾಗಿತ್ತು. ಗಂಟೆ ಹೊಡೆದಿತ್ತು, ಮಕ್ಕಳು ಗೇಟಿಗೆ ಬರುತ್ತಿದ್ದರು. “ನನ್ ಗಾಡಿ ಈ ಕಡೆಗೆ ಮಾತ್ರ ಅಡ್ಡ ಆಗುತ್ತೆ. ಪೇಟೆ ಕಡೆಯಿಂದ ಬರೋರಿಗೆ ಏನೂ ಇಲ್ಲ. ಬಂದಿದೀರಲ್ಲ, ಆ ಕಡೆ ನಿಲ್ಲಿ.”

ಹೋಗಿ ನಿಂತೆ. ಮಧ್ಯದ ಗೆರೆಯಿಂದ ಎರಡು ಹೆಜ್ಜೆ ಆಚೆ, ತಿರುವಿಗೆ ಮುಖ ಮಾಡಿ, ಎರಡೂ ಕೈ ಚಾಚಿ. ಬೆನ್ನ ಹಿಂದೆ ಮಕ್ಕಳ ಸದ್ದು ಶುರುವಾಯಿತು. ತಿರುವಿನಲ್ಲಿ ಟಿಪ್ಪರು ಕಾಣಿಸಿತು, ಹಾರನ್ ಹೊಡೆಯಿತು, ಮತ್ತೆ ಹೊಡೆಯಿತು, ಕಿರುಚಿಕೊಂಡು ನಿಂತಿತು. ಅದರ ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

“ಏಯ್, ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ?”

ಅವನಿಗೆ ಹೇಳಲು ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತು. ಮಕ್ಕಳು ಇನ್ನೂ ದಾಟುತ್ತಿದ್ದರು. ಕೈ ಇಳಿಸದೆ ಸುಮ್ಮನೆ ನಿಂತೆ.